ಎಲೆ ತರುವ ಎಲೆ

ಬ್ಯಾಂಕಿನಲ್ಲಿ ನನ್ನ ಮೇಜಿನ ಪಕ್ಕದಲ್ಲೇ ಒಡವೆ ಸಾಲದ ಕೌಂಟರು. ಚಿನ್ನ ಪರೀಕ್ಷಿಸುವವರು ಬಂದು ಕೂತರೆಂದರೆ ಬಳೆಯನ್ನೋ ಸರವನ್ನೋ ಒರೆಗಲ್ಲಿಗೆ ಉಜ್ಜಿ, ಆಸಿಡ್ ಹನಿಸಿ, ಕಲ್ಲು, ಅರಗು, ದಾರ ಎಲ್ಲದರ ತೂಕ ಕಳೆದು, ನಿವ್ವಳ ಚಿನ್ನ ಇಷ್ಟು ಎಂದು ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ. ಹೀಗೆ ವರ್ಷಗಟ್ಟಲೆ ಬರೆದು ಬರೆದು, ಯಾವ ವಸ್ತುವಿಗೆ ಎಷ್ಟು ಬೆಲೆ ಎಂದು ಹೇಳುವ ವಿದ್ಯೆ ನನಗೂ ಬಂದುಬಿಟ್ಟಿದೆ ಎಂಬ ಭ್ರಮೆ ನನ್ನಲ್ಲಿ ಬೇರೂರಿತ್ತು. ಆ ಭ್ರಮೆಯನ್ನು ಬಿಡಿಸಿದವರು ಮ್ಯಾನೇಜರೂ ಅಲ್ಲ, ಆಡಿಟರೂ ಅಲ್ಲ. ಹಲ್ಲುಬ್ಬಿನ ಒಂದು ಕಂದು ಪ್ರಾಣಿ.

ಅದು 2022ರ ಆಯುಧಪೂಜೆಯ ರಜೆ. ಹೊಸೂರಿನ ನಮ್ಮ ಬಾಡಿಗೆ ಮನೆಯ ಮೇಲ್ಮಹಡಿಯಲ್ಲಿ ಕಣ್ಣೂರು ಕಡೆಯ ಒಂದು ಸಂಸಾರವಿತ್ತು. ಯಜಮಾನರಿಗೆ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಅವರ ಮಗನಿಗೆ ಹದಿಮೂರು, ನನ್ನ ಮಗನಿಗೆ ಹನ್ನೊಂದು. ಹುಡುಗರಿಬ್ಬರೂ ಜಗಲಿಯ ಮೇಲೆ ಪೊಕೆಮಾನ್ ಎಲೆಗಳನ್ನು ಹರಡಿಕೊಂಡು ಕೂತರೆ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ಒಬ್ಬನ ಮನೆಮಾತು ಕನ್ನಡ, ಇನ್ನೊಬ್ಬನದು ಮಲಯಾಳ. ಜಗಳ ಮಾತ್ರ ತಮಿಳಿನಲ್ಲಿ, ಮಧ್ಯೆ ಮಧ್ಯೆ ಇಂಗ್ಲಿಷಿನಲ್ಲಿ. ಗಡಿ ಊರಿನಲ್ಲಿ ಇದೇನೂ ವಿಶೇಷವಲ್ಲ.

ಆ ದಿನ ಮೇಲ್ಮನೆಯ ಹುಡುಗ ಒಂದು ವ್ಯಾಪಾರ ತಂದ. ಅವನ ಹತ್ತಿರ 'ಚಾರಿಜಾರ್ಡ್ ವಿಮ್ಯಾಕ್ಸ್' ಎಂಬ ಎಲೆಯಿತ್ತು. ಬೆಂಕಿ ಉಗುಳುವ ರೆಕ್ಕೆಯ ಪ್ರಾಣಿ, ಹೊಳೆಯುವ ಕಾಗದ, ಮೇಲ್ಮೂಲೆಯಲ್ಲಿ ದಪ್ಪ ಅಂಕಿ 330. ಅಷ್ಟು ಪೆಟ್ಟು ತಿಂದ ಮೇಲೇ ಅದು ಬೀಳುವುದು. ಅದರ ಒಂದು ಏಟಿಗೆ 300. ಬದಲಿಗೆ ಅವನು ಕೇಳಿದ್ದು ನನ್ನ ಮಗನ ಹತ್ತಿರವಿದ್ದ ಎರಡು 'ಬಿಬ್ಯಾರೆಲ್' ಮತ್ತು ಅವುಗಳ ಮರಿರೂಪವಾದ ಎರಡು 'ಬಿಡೂಫ್'. ಬಿಬ್ಯಾರೆಲ್ ಎಂದರೆ ಬೀವರ್ ಎಂಬ ಪ್ರಾಣಿಯ ಹಾಗಿರುವ, ಎರಡು ಹಲ್ಲು ಹೊರಗೆ ಬಿಟ್ಟುಕೊಂಡ ಒಂದು ಪಾಪದ ಜೀವಿ. ಅದರ ಅಂಕಿ 120. ಏಟು 100, ಅದೂ ನಾಣ್ಯ ಚಿಮ್ಮಿ ಒಪ್ಪಿದರೆ ಮಾತ್ರ, ಇಲ್ಲದಿದ್ದರೆ ಸೊನ್ನೆ.

ಮಗ ಅನುಮಾನಿಸಿದ. "ಅಪ್ಪಾ, ಕೊಡ್ಲಾ?" ಎಂದು ನನ್ನನ್ನು ಕೇಳಿದ. ನಾನು ಪೇಪರಿನಿಂದ ತಲೆಯೆತ್ತಿ, ಎರಡೂ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿ, ಬ್ಯಾಂಕಿನ ಗಾಂಭೀರ್ಯದಿಂದಲೇ ಹೇಳಿದೆ: "ಇದರಲ್ಲಿ ಯೋಚನೆ ಮಾಡೋದು ಏನಿದೆ? ಕೊಟ್ಟು ತಗೋ."

ನನ್ನ ಈ ತೀರ್ಪಿಗೆ ಒಂದು ಪೂರ್ವಕಥೆಯಿದೆ. ಬಾಗಲೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಕನ್ನಡ ಶಾಲೆಗೆ ಹೋಗುತ್ತಿದ್ದಾಗ, 1992-93ರ ಸುಮಾರಿಗೆ, ಕುಸ್ತಿಯವರ ಟ್ರಂಪ್ ಕಾರ್ಡುಗಳು ಬಂದವು. ಆಗಿನ್ನೂ ಅದರ ಹೆಸರು ಡಬ್ಲ್ಯೂ.ಡಬ್ಲ್ಯೂ.ಎಫ್.; ಡಬ್ಲ್ಯೂ.ಡಬ್ಲ್ಯೂ.ಇ. ಎಂದಾದದ್ದು 2002ರಲ್ಲಿ. ಟಿ.ವಿ.ಯಲ್ಲಿ ನಾವು ಆ ಕುಸ್ತಿ ನೋಡಿದವರೇ ಅಲ್ಲ. ಆದರೂ ಯಾರ ಎತ್ತರ ಎಷ್ಟು, ತೂಕ ಎಷ್ಟು, ಎದೆಯ ಸುತ್ತಳತೆ ಎಷ್ಟು, ಎಷ್ಟು ಕುಸ್ತಿ ಗೆದ್ದಿದ್ದಾನೆ ಎಂಬುದು ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಆಟ ಸುಲಭ. ನನ್ನ ಕೈಯಲ್ಲಿ ಯೊಕೊಜುನಾ ಇದ್ದರೆ "ತೂಕ" ಎನ್ನುತ್ತೇನೆ. ಎದುರಿನವನ ತೂಕ ಕಡಿಮೆಯಾದರೆ ಅವನ ಎಲೆ ನನ್ನದು. ರ‍್ಯಾಂಕ್ ಒಂದನ್ನು ಬಿಟ್ಟರೆ ಉಳಿದ ಕಡೆಯೆಲ್ಲ ದೊಡ್ಡ ಅಂಕಿಯೇ ಗೆಲ್ಲುವುದು. ಎಲೆಯ ಬಲವೆಂದರೆ ಎಲೆಯ ಮೇಲೆ ಅಚ್ಚಾದ ಅಂಕಿ. ಮೂವತ್ತು ವರ್ಷಗಳ ಮೇಲೂ ನಾನು ಅದೇ ಕಣ್ಣಿನಿಂದ 330 ದೊಡ್ಡದೋ 120 ದೊಡ್ಡದೋ ಎಂದು ನೋಡಿದ್ದೆ.

ಮರುದಿನದಿಂದ ಮಗ ಸೋಲತೊಡಗಿದ. ನಾಲ್ಕು ಭಾನುವಾರ ಒಂದೇ ಸಮನೆ ಸೋತ. ಐದನೆಯ ಭಾನುವಾರ ನಾನೇ ಪಕ್ಕದಲ್ಲಿ ಕೂತು ನೋಡಿದೆ. ಚಾರಿಜಾರ್ಡ್ ಅವನ ಕೈಯಲ್ಲೇ ಇದೆ, ಕೆಳಗೆ ಇಡುತ್ತಿಲ್ಲ. "ಯಾಕೋ, ಅದನ್ನ ಬಿಡು" ಎಂದೆ. ಮಗ ಮಾತಾಡದೆ ಎಲೆಯ ಮೇಲ್ತುದಿಯಲ್ಲಿದ್ದ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟ. 'ಚಾರಿಜಾರ್ಡ್ ವಿ' ಎಂಬ ಇನ್ನೊಂದು ಎಲೆ ಮೊದಲು ಕೆಳಗೆ ಇದ್ದರೆ ಮಾತ್ರ ಅದರ ಮೇಲೆ ಇದನ್ನು ಇಡಬಹುದೆಂದು ಅಲ್ಲಿ ಬರೆದಿತ್ತು. ಆ ಎಲೆ ನಮ್ಮ ಹತ್ತಿರ ಇರಲೇ ಇಲ್ಲ. ಸಾಲಕ್ಕೆ ಬಂದವರಿಗೆಲ್ಲ "ಸಣ್ಣ ಅಕ್ಷರ ಓದಿ ರುಜು ಮಾಡಿ" ಎಂದು ಹೇಳುವವನು ನಾನು.

"ಗೊತ್ತಿದ್ರೆ ಯಾಕೆ ಕೊಟ್ಟೆ?" ಎಂದು ಕೇಳಿದೆ.

"ನೀನು ಹೇಳ್ದೆ ಅಂತ ಕೊಟ್ಟೆ ಅಪ್ಪಾ."

ಆ ರಾತ್ರಿ ಮಗನನ್ನೇ ಗುರುವಾಗಿಸಿಕೊಂಡು ಆಟ ಕಲಿತೆ. ಒಬ್ಬೊಬ್ಬರ ಕಟ್ಟಿನಲ್ಲಿ 60 ಎಲೆ. ಮೊದಲು 7 ಎಲೆ ಕೈಗೆ. ಆರು ಎಲೆ ಬಹುಮಾನವೆಂದು ಬೋರಲಾಗಿ ಬದಿಗೆ. ಎದುರಾಳಿಯದನ್ನು ಬೀಳಿಸಿದಾಗ ಬಹುಮಾನ ಎತ್ತಿಕೊಳ್ಳಬೇಕು. ಆರನ್ನೂ ಮೊದಲು ಎತ್ತಿದವನು ಗೆದ್ದ. ಏಟು ಹಾಕಲು 'ಎನರ್ಜಿ' ಎಂಬ ಎಲೆ ಜೋಡಿಸಬೇಕು, ಒಂದು ಸರದಿಗೆ ಒಂದೇ. ಈಗ ಲೆಕ್ಕ ಹಾಕಿ. ಚಾರಿಜಾರ್ಡಿನ 300ರ ಏಟಿಗೆ ಐದು ಎನರ್ಜಿ ಬೇಕು. ಬೇರೆ ಸಹಾಯವಿಲ್ಲದಿದ್ದರೆ ಐದು ಸರದಿ ಕಾಯಬೇಕು. ಹೊಡೆದ ಮೇಲೆ ಎರಡು ಎನರ್ಜಿಯನ್ನು ಎಸೆಯಬೇಕು. ಅದು ಬಿದ್ದರೆ ಎದುರಾಳಿಗೆ ಒಂದಲ್ಲ, ಮೂರು ಬಹುಮಾನ. ಅಂದರೆ ಅರ್ಧ ಆಟ ಹೋದ ಹಾಗೆ. ಅಸಲು ದೊಡ್ಡದು, ಬಡ್ಡಿ ಅದಕ್ಕಿಂತ ದೊಡ್ಡದು.

"ಸರಿ, ಆ ಹಲ್ಲುಬ್ಬಿಂದು ಏನು ಹೆಚ್ಚುಗಾರಿಕೆ? ಅದು ಹೊಡೆಯೋದೇ ಇಲ್ವಲ್ಲ" ಎಂದೆ.

"ಅಪ್ಪಾ, ಅದು ಹೊಡೆಯೋ ಎಲೆ ಅಲ್ಲ. ಎಲೆ ತರೋ ಎಲೆ."

ನಿಯಮದ ಪ್ರಕಾರ ಸರದಿಗೊಂದೇ ಎಲೆ ಕಟ್ಟಿನಿಂದ ಬರುವುದು. ಬಿಬ್ಯಾರೆಲ್ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದರೂ ಸಾಕು, ಪ್ರತಿ ಸರದಿಯಲ್ಲೂ ಕೈಯಲ್ಲಿ ಐದು ಎಲೆ ಆಗುವವರೆಗೆ ಎಳೆದುಕೊಳ್ಳಬಹುದು. ಒಂದೇ ಎಲೆ ಉಳಿದಿದ್ದರೆ ನಾಲ್ಕು ಸಿಕ್ಕಿತು. ತಾನು ಏನನ್ನೂ ಗೆಲ್ಲುವುದಿಲ್ಲ. ಉಳಿದವರು ಗೆಲ್ಲಲು ಬೇಕಾದದ್ದನ್ನು ತಂದುಕೊಡುತ್ತದೆ. ಬಿದ್ದರೂ ಒಂದೇ ಬಹುಮಾನದ ನಷ್ಟ. ಹಾಗೆ ತರುವವರಿಲ್ಲದ ಕಟ್ಟಿನಲ್ಲಿ ಬೇಕಾದ ಎಲೆ ಬೇಕಾದಾಗ ಬರುವುದು ಅದೃಷ್ಟದ ಮಾತು. ನಾನು ಕಾಗದ ತೆಗೆದುಕೊಂಡು ಗುಣಿಸಿ ಭಾಗಿಸಿ ನೋಡಿದೆ. ಒಂದು ಎಲೆಯ ಒಂದೇ ಪ್ರತಿ ಇದ್ದರೆ ಮೊದಲ ಏಳರಲ್ಲಿ ಅದು ಬರುವ ಸಂಭವ ನೂರಕ್ಕೆ ಹನ್ನೆರಡರಷ್ಟು. ನಿಯಮ ಬಿಡುವಷ್ಟು, ಅಂದರೆ ನಾಲ್ಕು ಪ್ರತಿ ಹಾಕಿದರೂ ನೂರಕ್ಕೆ ನಲವತ್ತು. ಉಳಿದ ಅರವತ್ತು ಸಲ ಎಲೆ ತರುವವರನ್ನೇ ನಂಬಬೇಕು.

ಈ ತಪ್ಪು ನನ್ನೊಬ್ಬನದೇ ಅಲ್ಲ ಎಂದು ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು. ಇಂಥ ಆಟಗಳಿಗೆ ಮೂಲವಾದ 'ಮ್ಯಾಜಿಕ್' ಎಂಬ ಆಟವನ್ನು ಅಮೆರಿಕದಲ್ಲಿ 1993ರಲ್ಲಿ ಹೊರತಂದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು. ಅದರಲ್ಲಿ 1995ರಲ್ಲಿ 'ನೆಕ್ರೊಪೊಟೆನ್ಸ್' ಎಂಬ ಎಲೆ ಬಂತು. ಪ್ರತಿ ಸರದಿಗೆ ಸಹಜವಾಗಿ ಬರುವ ಎಲೆಯನ್ನು ಅದು ತಡೆಯುತ್ತದೆ; ಬದಲಿಗೆ ನಿಮ್ಮ 20 ಪ್ರಾಣಾಂಕಗಳಲ್ಲಿ ಒಂದೊಂದನ್ನೇ ಕೊಟ್ಟು ಒಂದೊಂದು ಎಲೆ ಕೊಳ್ಳಬೇಕು. ಪ್ರಾಣ ಕೊಟ್ಟು ಎಲೆ ಕೊಳ್ಳುವ ಮೂರ್ಖರು ಯಾರೆಂದು ಮೊದಮೊದಲು ಬಹಳ ಜನ ಮೂಗು ಮುರಿದರಂತೆ. 1996ರ ಬೇಸಿಗೆಯ ಪಂದ್ಯಗಳಲ್ಲಿ ಎಲ್ಲಿ ನೋಡಿದರೂ ಅದೇ ಎಲೆ. ಆ ಆಟದವರು ಆ ಕಾಲವನ್ನು ಇಂದಿಗೂ 'ಕಪ್ಪು ಬೇಸಿಗೆ' ಎಂದೇ ಕರೆಯುತ್ತಾರೆ. ಪೊಕೆಮಾನಿನಲ್ಲೂ ಅಷ್ಟೇ. 1999ರ ಮೊದಲ ಇಂಗ್ಲಿಷ್ ಕಂತಿನಲ್ಲಿ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದು ಚಾರಿಜಾರ್ಡನ್ನು. ಆಡಿ ಗೆದ್ದವರು ನೆಚ್ಚಿಕೊಂಡದ್ದು ಒಂದೇ ಎನರ್ಜಿಗೆ 20ರ ಗುದ್ದು ಕೊಡುವ ಹಿಟ್ಮಾನ್‌ಚಾನನ್ನು, ಎರಡು ಎಲೆ ತಂದುಕೊಡುವ 'ಬಿಲ್' ಎಂಬ ಸಾದಾ ಎಲೆಯನ್ನು.

ನಾಚಿಕೆಯ ವಿಷಯವೆಂದರೆ ಈ ಪಾಠ ನನಗೆ ಹೊಸದಾಗಬಾರದಿತ್ತು. ಕಾಸರಗೋಡಿನ ಓದುಗರಿಗೆ ಇಪ್ಪತ್ತೆಂಟರ ಆಟವನ್ನು ನಾನು ವಿವರಿಸಬೇಕಾಗಿಲ್ಲ. ಹೊಸೂರಿನಲ್ಲಿ ಅದನ್ನು ನನಗೆ ಕಲಿಸಿದವರು ಇದೇ ಮೇಲ್ಮನೆಯ ಕಣ್ಣೂರಿನವರು. ಅಲ್ಲಿ ರಾಜನಿಗೂ ರಾಣಿಗೂ ಸೊನ್ನೆ, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಒಂಬತ್ತಕ್ಕೆ ಎರಡು, ಗುಲಾಮನಿಗೆ ಮೂರು. ರಾಜನ ಕಿರೀಟ ನೋಡಿ ಕರೆ ಹೇಳಿದವನು ಕೆಟ್ಟ. ನಾಲ್ಕೇ ಎಲೆ ಕೈಗೆ ಬಂದಾಗ ಕರೆ ಕೊಡಬೇಕು. ಉಳಿದ ನಾಲ್ಕು ಏನು ಬರುತ್ತವೋ, ಎದುರು ಕೂತ ಜೊತೆಗಾರನ ಕೈಯಲ್ಲಿ ಏನಿದೆಯೋ ತಿಳಿಯದು. ಬೋರಲಿಟ್ಟ ತುರುಪು ಯಾವುದೆಂಬುದರ ಮೇಲೆ ಅದೇ ಗುಲಾಮನ ಬೆಲೆ ಏರುತ್ತದೆ, ಇಳಿಯುತ್ತದೆ. ತುರುಪು ಎಂಬ ಮಾತು ನಮಗೂ ಮಲಯಾಳದವರಿಗೂ ಒಂದೇ. ವಾರವಾರ ಇದನ್ನು ಆಡುತ್ತಿದ್ದ ನಾನು, ಮಗನ ಎಲೆ ನೋಡುವಾಗ ಮಾತ್ರ ಯೊಕೊಜುನಾನ ಕಾಲಕ್ಕೆ ಹೋಗಿಬಿಟ್ಟಿದ್ದೆ.

ಮೇಲೆ ಹೋಗಿ ಆ ನಾಲ್ಕು ಎಲೆಗಳನ್ನು ವಾಪಸು ಕೇಳೋಣವೆಂದು ಎದ್ದೆ. ನನ್ನಾಕೆ, "ಮಕ್ಕಳ ವ್ಯಾಪಾರದಲ್ಲಿ ಒಂದ್ಸಲ ಕೈ ಹಾಕಿದ್ದು ಸಾಲದಾ?" ಎಂದಳು. ಮಗನೂ, "ಕೊಟ್ಟಿದ್ದು ಕೊಟ್ಟಿದ್ದೇ ಅಪ್ಪಾ" ಎಂದ. ಸುಮ್ಮನೆ ಕೂತೆ.

ಹೊಸ ಎಲೆಗಳ ಕಂತು ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಈಗಲೂ ಮಗ ಹೊಸ ಎಲೆಯೊಂದನ್ನು ತಂದು "ಹೇಗಿದೆ?" ಎಂದು ಕೇಳುತ್ತಾನೆ. ನಾನು ಅಂಕಿಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡು ಉಳಿದದ್ದನ್ನು ಓದುತ್ತೇನೆ. ಇದಕ್ಕೆ ಏನು ಕೊಡಬೇಕು, ಎಷ್ಟು ಸರದಿ ಕಾಯಬೇಕು, ಇದು ನಿಲ್ಲಲು ಕೆಳಗೆ ಯಾರಿರಬೇಕು, ಬಿದ್ದರೆ ಎಷ್ಟು ಹೋಗುತ್ತದೆ, ಅರವತ್ತರಲ್ಲಿ ಇದಕ್ಕೆ ಜಾಗ ಬಿಡಲು ಯಾವುದನ್ನು ತೆಗೆಯುತ್ತೀಯ ಎಂದು ಒಂದೊಂದಾಗಿ ಅವನನ್ನೇ ಕೇಳುತ್ತೇನೆ. ತೀರ್ಪು ಅವನದು. ಕೊನೆಯ ಪ್ರಶ್ನೆಯೇ ಬಹಳ ಕಷ್ಟದ್ದು. ಎಲೆ ಸೇರಿಸುವಾಗ ಎಲ್ಲರಿಗೂ ಖುಷಿ. ಯಾವುದನ್ನು ತೆಗೆದೆವೆಂಬುದು ಸೋತ ಮೇಲೆ ನೆನಪಾಗುವುದು.

2024ರ ಬೇಸಿಗೆಯಲ್ಲಿ ಮೇಲ್ಮನೆಯವರು ಊರಿಗೇ ಮರಳಿದರು. ಹೊರಡುವ ದಿನ ಆ ಹುಡುಗ ಒಂದು ಲಕೋಟೆ ಕೊಟ್ಟು ಹೋದ. ಒಳಗೆ ಒಂದು ಬಿಡೂಫ್, ಒಂದು ಬಿಬ್ಯಾರೆಲ್. ಹೊರಗೆ ಇಂಗ್ಲಿಷಿನಲ್ಲಿ ವಿಳಾಸ. ಅದರ ಕೆಳಗೆ ಮಲಯಾಳದ ದುಂಡು ಅಕ್ಷರದಲ್ಲಿ ಅವನ ಹೆಸರು. ಹೊಸೂರಿನ ಶಾಲೆಯಲ್ಲಿ ಅವನಿಗೆ ಯಾರೂ ಮಲಯಾಳ ಕಲಿಸಿರಲಿಲ್ಲ. ತಾಯಿ ಮನೆಯಲ್ಲಿ ಕೂರಿಸಿ ಕಲಿಸಿದ್ದರು. ಮಗ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ, "ಅಪ್ಪಾ, ನಾನೂ ಕಾಗದ ಬರೀತೀನಿ. ನಮ್ಮ ಅಕ್ಷರದಲ್ಲಿ ನನ್ನ ಹೆಸರು ಹೇಗೆ ಬರೆಯೋದು?" ಎಂದು ಕೇಳಿದ.

ಅವನಿಗೆ ಆಗ ಹದಿಮೂರು ನಡೆಯುತ್ತಿತ್ತು. ಶಾಲೆಗೆ ಸೇರಿಸುವಾಗ ಲೆಕ್ಕ ಹಾಕಿದವನು ನಾನೇ. ತಮಿಳು ಹೇಗೂ ಕಡ್ಡಾಯ. 2006ರ ಕಾಯಿದೆಯಿಂದ ಒಂದನೆಯ ತರಗತಿಯಿಂದಲೇ ಹಂತ ಹಂತವಾಗಿ ಬಂದದ್ದು. ಅದನ್ನು ಕಲಿತದ್ದು ಅವನಿಗೆ ಒಳ್ಳೆಯದೇ ಆಯಿತು. ಇಂಗ್ಲಿಷ್ ಕೆಲಸಕ್ಕೆ ಬೇಕು. ಹಿಂದಿ ಇರಲಿ ಎಂದೆ. ಕನ್ನಡ ಮನೆಯಲ್ಲೇ ಇದೆಯಲ್ಲ, ಅಂಕ ತರುವುದಿಲ್ಲ, ಅದಕ್ಕೆ ಬೇರೆ ಜಾಗ ಯಾಕೆಂದು ಬಿಟ್ಟೆ. ನನ್ನನ್ನು ಬಾಗಲೂರು ಕಡೆಯ ಹಳ್ಳಿಯಿಂದ ಬಿ.ಎ.ವರೆಗೆ, ಬಿ.ಎ.ಯಿಂದ ಬ್ಯಾಂಕಿನವರೆಗೆ ತಂದ ಉಳಿದೆಲ್ಲ ವಿದ್ಯೆಯನ್ನೂ ಒಂದೊಂದಾಗಿ ಎಳೆದು ನನ್ನ ಕೈಗೆ ಕೊಟ್ಟದ್ದು ಆ ಭಾಷೆಯೇ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಆಗಲೂ ಮಗ ಏನೂ ಕೇಳಿರಲಿಲ್ಲ. ಅಪ್ಪ ಹೇಳಿದ ಅಂತ ಕೊಟ್ಟಿದ್ದ.

ಲಕೋಟೆಯ ಹಿಂಬದಿಯಲ್ಲಿ ಅವನ ಹೆಸರು ಬರೆದು ತೋರಿಸಿದೆ. ನೋಡಿಕೊಂಡು ಬರೆದ. ತಲೆಕಟ್ಟು ಸ್ವಲ್ಪ ಸೊಟ್ಟ.

ಕಂಪನಿಯ ಪಂದ್ಯಗಳಲ್ಲಿ ಹಳೆಯ ಎಲೆಗಳನ್ನು ಆಗಾಗ ಹೊರಗಿಡುತ್ತಾರೆ. ಆ ಚಾರಿಜಾರ್ಡ್ 2023ರ ಏಪ್ರಿಲಿನಲ್ಲಿ, ಬಿಬ್ಯಾರೆಲ್ 2025ರ ಏಪ್ರಿಲಿನಲ್ಲಿ ಮುಖ್ಯ ಪಂದ್ಯಗಳಿಂದ ಹೊರಬಿದ್ದವು. ನಮ್ಮ ಜಗಲಿಗೆ ಆ ನಿಯಮವಿಲ್ಲ. ಭಾನುವಾರ ನಾವು ತಂದೆ ಮಗ ಆಡಲು ಕೂತರೆ ಹಲ್ಲುಬ್ಬಿನ ಪ್ರಾಣಿ ಹಿಂದಿನ ಸಾಲಿನಲ್ಲಿ ಕೂತು ಎಂದಿನಂತೆ ಎಲೆ ತರುತ್ತದೆ. ಆಟ ಮುಗಿದ ಮೇಲೆ ಕಾಗುಣಿತದ ಒಂದು ಸಾಲು. ಎರಡು ಬರೆಸಲು ಹೋದರೆ ಒಪ್ಪುವುದಿಲ್ಲ. "ಸರದಿಗೆ ಒಂದೇ ಅಪ್ಪಾ" ಎನ್ನುತ್ತಾನೆ. ಈಗ 'ಮ'ಕಾರದವರೆಗೆ ಬಂದಿದ್ದೇವೆ.