ತುಟಿಯ ಕೆಂಪು ಮತ್ತು ಅಣುವ್ರತ

ಹೋದ ವರ್ಷದ ಮಹಾವೀರ ಜಯಂತಿಯಂದು ನಮ್ಮೂರ ಬಸದಿಯ ಪಾಠಶಾಲೆಯ ಮಕ್ಕಳಿಂದ ನೇಮಿನಾಥ ಸ್ವಾಮಿಯ ವೈರಾಗ್ಯದ ಕಥೆಯನ್ನು ಆಡಿಸುವುದೆಂದು ನಿಶ್ಚಯವಾಯಿತು. ಸ್ವಾಮಿಯ ಪಾತ್ರವನ್ನು ರಂಗಕ್ಕೆ ತರದೆ ರಾಜೀಮತಿ, ಸಖಿಯರು ಮತ್ತು ಸಾರಥಿಯ ಮಾತುಗಳಿಂದಲೇ ಕಥೆಯನ್ನು ನಡೆಸುವ ಏರ್ಪಾಡು. ವಿವಾಹದ ಔತಣಕ್ಕೆಂದು ಕೂಡಿಹಾಕಿದ್ದ ಮೃಗಗಳ ಆಕ್ರಂದನವನ್ನು ಕೇಳಿ ಸ್ವಾಮಿಯ ರಥ ಹಿಂತಿರುಗುವ ಆ ಪ್ರಸಂಗ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಅವರಿಗೆ ವೇಷ ತೊಡಿಸುವ, ಮುಖಕ್ಕೆ ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೆ ಬಂದಿತು.

ನಾನು ಪೇಟೆಯಿಂದ ನಾಲ್ಕು ಲಿಪ್‌ಸ್ಟಿಕ್‌ಗಳನ್ನು ತಂದೆ. ಎರಡು ಬೀದಿಯ ಅಂಗಡಿಯವು. ತಯಾರಿಸಿದವರ ವಿಳಾಸವೂ ಅವುಗಳ ಮೇಲಿರಲಿಲ್ಲ. ಇನ್ನೆರಡು ಹೆಚ್ಚು ಬೆಲೆಯವು, ‘ನೈಸರ್ಗಿಕ’ ಎಂದು ಬರೆದುಕೊಂಡವು. ಮಕ್ಕಳ ತುಟಿಗೆ ಇವೇ ಆಗಲಿ ಎಂದು ಕೊಂಡೆನಲ್ಲದೆ ಬೇರೆ ವಿಚಾರವೇನೂ ನನಗೆ ಹೊಳೆಯಲಿಲ್ಲ.

ಔಷಧಶಾಸ್ತ್ರವನ್ನು ಓದುತ್ತಿರುವ ನನ್ನ ತಮ್ಮನ ಮಗಳು ರಜೆಗೆ ಬಂದಿದ್ದಳು. ನೈಸರ್ಗಿಕವೆಂದಿದ್ದ ಡಬ್ಬಿಯ ಹಿಂಬದಿಯನ್ನು ಬೆಳಕಿಗೆ ಹಿಡಿದು ಓದಿದಳು. “ಅತ್ತೆ, ಇದರಲ್ಲಿ ಸಿ.ಐ. 75470 ಎಂದಿದೆ. ಇದು ಕಾರ್ಮೈನ್. ನಾಳೆ ಇದನ್ನು ಹಚ್ಚಿಸಿಕೊಂಡೇ ರಾಜೀಮತಿ ಮೃಗಗಳಿಗಾಗಿ ಅಳುತ್ತಾಳೆಯೇ?” ಎಂದಳು.

ಕಾರ್ಮೈನ್ ಎಂಬುದು ಕೋಚಿನೀಲ್ ಎಂಬ ಕೀಟದಿಂದ ದೊರೆಯುವ ಕೆಂಪು. ಪಾಪಾಸುಕಳ್ಳಿಯ ರಸವನ್ನು ಹೀರಿ ಬದುಕುವ ಆ ಕೀಟಗಳನ್ನು ಪೆರು ಮೊದಲಾದ ದೇಶಗಳಲ್ಲಿ ಸಾಕುತ್ತಾರೆ. ಹೆಣ್ಣು ಕೀಟಗಳನ್ನು ಕೆರೆದು ತೆಗೆದು, ಕೊಂದು, ಒಣಗಿಸಿ, ಅವುಗಳಿಂದ ಬಣ್ಣವನ್ನು ಇಳಿಸುತ್ತಾರೆ. ಒಣಗಿದ ಕೀಟಗಳು ಒಂದು ಪೌಂಡ್ ತೂಗಬೇಕಾದರೆ ಸುಮಾರು 70,000 ಜೀವಗಳು ಬೇಕು. ಅವು ತ್ರಸಜೀವಗಳೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ‘ನೈಸರ್ಗಿಕ’ ಎಂಬ ಮಾತು ಸುಳ್ಳಾಗಿರಲಿಲ್ಲ. ನಿಸರ್ಗದಿಂದ ಬಂದದ್ದೆಲ್ಲ ಅಹಿಂಸೆಯಿಂದ ಬಂದದ್ದೆಂದು ತಿಳಿದ ತಪ್ಪು ನನ್ನದು.

ನಮ್ಮ ಹಿರಿಯರು ಈ ವಿಷಯದಲ್ಲಿ ನನ್ನಷ್ಟು ಅಜ್ಞರಾಗಿರಲಿಲ್ಲ. ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ಲಾಕ್ಷಾವಾಣಿಜ್ಯ, ಎಂದರೆ ಅರಗಿನ ವ್ಯಾಪಾರವೂ ಒಂದು. ಹಿಂದೆ ಸ್ತ್ರೀಯರು ಪಾದಕ್ಕೂ ತುಟಿಗೂ ಹಚ್ಚಿಕೊಳ್ಳುತ್ತಿದ್ದ ಅಲಕ್ತಕದ ಕೆಂಪು ಬಂದದ್ದು ಅರಗಿನ ಹುಳುವಿನಿಂದಲೇ. ಕೋಚಿನೀಲ್ ಕೀಟವೂ ಅದರ ದೂರದ ಬಂಧು. ಜೇನನ್ನು ತ್ಯಜಿಸುವುದು ನಮ್ಮ ಮೂಲಗುಣಗಳಲ್ಲಿ ಸೇರಿದೆ. ಆದರೆ ಜೇನುಮೇಣ ಅನೇಕ ಲಿಪ್‌ಸ್ಟಿಕ್‌ಗಳಿಗೆ ಗಟ್ಟಿತನ ಕೊಡುವ ವಸ್ತು. ನಾಲಗೆಗೆ ಬೇಡವೆಂದದ್ದನ್ನು ತುಟಿಗೆ ಹಚ್ಚಿಕೊಂಡು, ಊಟದೊಡನೆ ಅದನ್ನೇ ನುಂಗುತ್ತಿದ್ದೇವೆ.

ಹಾಗಾದರೆ ಕೀಟವಿಲ್ಲದ ಬೇರೆ ಎರಡನ್ನು ಬಳಸೋಣವೆಂದು ನಾನು ಹೇಳಿದೆ. ಆ ಹುಡುಗಿ ಅದಕ್ಕೂ ಒಪ್ಪಲಿಲ್ಲ. ಖನಿಜ ಮೂಲದ ಬಣ್ಣಗಳಲ್ಲಿ ಸೀಸವು ಕಲ್ಮಷವಾಗಿ ಉಳಿದುಬರಬಹುದು. ಅದು ಬೇಕೆಂದು ಬೆರೆಸಿದ ವಸ್ತುವಲ್ಲವಾದ್ದರಿಂದ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಲ್ಲಿ 400 ಲಿಪ್‌ಸ್ಟಿಕ್‌ಗಳನ್ನು ಪರೀಕ್ಷಿಸಿದಾಗ ಹತ್ತು ಲಕ್ಷ ಭಾಗಕ್ಕೆ ಸರಾಸರಿ 1.11 ಭಾಗ, ಅತಿ ಹೆಚ್ಚೆಂದರೆ 7.19 ಭಾಗ ಸೀಸ ಕಂಡುಬಂದಿತು. ನಮ್ಮ ದೇಶದ ನಿಯಮವು ಸೌಂದರ್ಯಸಾಧನದ ಬಣ್ಣಗಳಲ್ಲಿ 20 ಭಾಗದ ಮಿತಿಯನ್ನು ಹಾಕಿದೆ. ದೊಡ್ಡವರು ಹದವಾಗಿ ಬಳಸಿದರೆ ಗಾಬರಿಪಡಬೇಕಾದ ಪ್ರಮಾಣ ಇದಲ್ಲ. ಆದರೆ ಮಕ್ಕಳ ಮಾತು ಬೇರೆ. ಇಷ್ಟು ಸೀಸದಿಂದ ಮಗುವಿಗೆ ಹಾನಿಯಿಲ್ಲ ಎಂಬ ಮಟ್ಟವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಗುರುತಿಸಿಲ್ಲ. ಮೇಲಾಗಿ, ತಯಾರಕರ ಹೆಸರೇ ಇಲ್ಲದ ವಸ್ತುವಿಗೆ ಯಾವ ಮಿತಿಯನ್ನು ಯಾರು ನೋಡಿಯಾರು? ನಮ್ಮ ರಾಜೀಮತಿಗೆ ಒಂಬತ್ತು ವರ್ಷ. ಮಾತಿಗೊಮ್ಮೆ ತುಟಿ ಸವರಿಕೊಳ್ಳುವ ಅಭ್ಯಾಸ ಬೇರೆ.

ಒಂದರಲ್ಲಿ ಪರಪೀಡೆ, ಇನ್ನೊಂದರಲ್ಲಿ ಮಕ್ಕಳಿಗೇ ಕೇಡಿನ ಶಂಕೆ. ಬೀಟ್‌ರೂಟ್ ರಸವನ್ನು ಹಚ್ಚಿದರಾಯಿತೆಂದು ನೆರೆಮನೆಯವರು ಸೂಚಿಸಿದರು. ಅದು ಕಂದಮೂಲವೆಂದು ಮಕ್ಕಳೇ ನಕ್ಕರು. ಕೊನೆಗೆ ತುಟಿಗೆ ಬಣ್ಣವಿಲ್ಲದೆಯೇ ಮಕ್ಕಳನ್ನು ರಂಗಕ್ಕೆ ಕಳುಹಿಸಿದೆ. ಒಬ್ಬ ತಾಯಿ ಬೇಸರಪಟ್ಟರು. “ದೀಪದ ಬೆಳಕಿಗೆ ಮಗುವಿನ ಮುಖ ಬಿಳಿಚಿಕೊಂಡಿತ್ತು” ಎಂದರು. ಅವರ ಮಾತು ನಿಜವೇ ಆಗಿತ್ತು.

ನಾನು ಲಿಪ್‌ಸ್ಟಿಕ್ಕನ್ನು ನಿಂದಿಸಲು ಇದನ್ನು ಬರೆಯುತ್ತಿಲ್ಲ. ಉದ್ಯೋಗಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು ಅದನ್ನು ಹಚ್ಚಿಕೊಳ್ಳುತ್ತಾರೆ, ಹಚ್ಚಿಕೊಳ್ಳಲಿ. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ನೋಡಬಹುದಾದದ್ದನ್ನು ನೋಡದೆ, ಕೇಳಬಹುದಾದದ್ದನ್ನು ಕೇಳದೆ ಕೊಳ್ಳುವುದು ಪ್ರಮಾದವೇ ಸರಿ. ಕೊಳ್ಳುವವರು ಕೆಲವು ಸಂಗತಿಗಳನ್ನು ನೋಡಿಕೊಂಡರೆ ಸಾಕು. ಕಾರ್ಮೈನ್, ಕೋಚಿನೀಲ್ ಅಥವಾ 75470 ಎಂಬ ಸಂಖ್ಯೆ ಇದ್ದರೆ ಅದು ಕೀಟದ ಬಣ್ಣ. ಹಲವು ಬಣ್ಣಗಳಿಗೆ ಒಂದೇ ಪಟ್ಟಿಯನ್ನು ಅಚ್ಚುಹಾಕಿ, ಕೊನೆಯಲ್ಲಿ ‘ಇರಬಹುದು’ ಎಂದು ಸೇರಿಸುವುದುಂಟು. ಆ ಸಾಲನ್ನೂ ಓದಬೇಕು. ಲ್ಯಾನೋಲಿನ್ ಕುರಿಯ ಉಣ್ಣೆಯ ಜಿಡ್ಡು. ಗ್ವಾನೈನ್ ಎಂಬ ಹೊಳಪು ಮೀನಿನ ಪೊರೆಯಿಂದ ಬರುವುದು. ಜೇನುಮೇಣಕ್ಕೆ ಬದಲಾಗಿ ಕಾರ್ನೋಬಾ, ಕ್ಯಾಂಡೆಲಿಲ್ಲಾ ಎಂಬ ಸಸ್ಯಮೇಣಗಳಿವೆ. ಹರಳೆಣ್ಣೆಯಂತೂ ಮೊದಲಿನಿಂದಲೂ ಲಿಪ್‌ಸ್ಟಿಕ್‌ನಲ್ಲಿ ಬಳಕೆಯಲ್ಲಿದೆ. ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರಲ್ಲಿ ನಿಷೇಧಿಸಿತು. ಅದು ಸಂತೋಷದ ವಿಷಯ. ಆದರೆ ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂಬ ಮಾತಿಗೂ ಪ್ರಾಣಿಜನ್ಯ ವಸ್ತುವಿಲ್ಲ ಎಂಬ ಮಾತಿಗೂ ವ್ಯತ್ಯಾಸವಿದೆ. ಸೀಸದ ವಿಷಯದಲ್ಲಿ ಡಬ್ಬಿ ಏನನ್ನೂ ಹೇಳಲಾರದು. ವಿಳಾಸವುಳ್ಳ ತಯಾರಕರಿಂದಲೇ ಕೊಂಡು, ಪರೀಕ್ಷೆಯ ವರದಿಯನ್ನು ಪತ್ರ ಬರೆದು ಕೇಳಬಹುದು. ಕಡಿಮೆ ಹಚ್ಚಿ, ಊಟಕ್ಕೆ ಮುನ್ನ ಒರೆಸಿಕೊಳ್ಳಬಹುದು. ಚಿಕ್ಕ ಮಕ್ಕಳಿಗೆ ಹಚ್ಚದಿರುವುದೇ ಲೇಸು.

ಟ್ರಸ್ಟುಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ಬಸದಿಯ ಅಡುಗೆಮನೆಗೆ ಬರುವ ಧಾನ್ಯವನ್ನು ಆರಿಸಿ, ನೀರನ್ನು ಸೋಸಿ ಬಳಸುವಂತೆ, ಮಕ್ಕಳ ಕಾರ್ಯಕ್ರಮಕ್ಕೆ ತರುವ ಬಣ್ಣವನ್ನೂ ಒಬ್ಬರು ಓದಿ ನೋಡುವ ಪರಿಪಾಠವಿರಲಿ.

ಇನ್ನೊಂದನ್ನು ಹೇಳದೆ ಮುಗಿಸಿದರೆ ಅಪ್ರಾಮಾಣಿಕಳಾಗುತ್ತೇನೆ. ಅಂದು ರಾತ್ರಿ ಮನೆಗೆ ಮರಳಿದ ಮೇಲೆ ತಮ್ಮನ ಮಗಳು ನನ್ನ ಸೆರಗನ್ನು ಮೆಲ್ಲನೆ ಮುಟ್ಟಿ, “ಅತ್ತೆ, ಇದು?” ಎಂದು ಕೇಳಿದಳು. ಅದು ನನ್ನ ಮದುವೆಯ ರೇಷ್ಮೆ ಸೀರೆ. ಗೂಡಿನೊಳಗಿನ ಹುಳುಗಳನ್ನು ಬೇಯಿಸಿ ತೆಗೆದ ನೂಲು ಅದೆಂದು ನನಗೆ ಶಾಲೆಯ ದಿನಗಳಿಂದಲೇ ಗೊತ್ತಿತ್ತು. ಉತ್ತರ ಕೊಡಲಾಗಲಿಲ್ಲ. ತಾಯಿ ಉಡಿಸಿದ ಆ ಸೀರೆಯನ್ನು ಯಾರಿಗಾದರೂ ಕೊಟ್ಟುಬಿಡಲು ಇನ್ನೂ ಮನಸ್ಸಾಗಿಲ್ಲ. ಆದರೆ ಅದನ್ನುಟ್ಟು ಬಸದಿಯ ಮೆಟ್ಟಿಲನ್ನು ಮತ್ತೆ ಹತ್ತಿಲ್ಲ. ಈಗ ಪೂಜೆಗೆ ಹತ್ತಿಯ ಸೀರೆಯನ್ನೇ ಉಡುತ್ತಿದ್ದೇನೆ.