ಏನು ಕೆಲಸ ಮಾಡ್ತೀರಮ್ಮಾ?

ಕೆಮ್ಮು ಅಂತಲೋ ದಮ್ಮು ಅಂತಲೋ ಡಾಕ್ಟರ ಹತ್ತಿರ ಹೋದಾಗ ಅವರು ನಿಮ್ಮನ್ನು ಏನೇನು ಕೇಳುತ್ತಾರೆ, ಸ್ವಲ್ಪ ನೆನಪು ಮಾಡಿಕೊಳ್ಳಿ ಸೋದರಿಯರೇ. ಎಷ್ಟು ದಿನದಿಂದ? ಕಫ ಬರುತ್ತದೆಯೇ? ರಾತ್ರಿ ಹೆಚ್ಚೋ, ಹಗಲು ಹೆಚ್ಚೋ? ಉಸಿರು ಎಳೆದುಕೊಳ್ಳಿ, ಬಿಡಿ. ಸರಿ, ಮೂರು ದಿನದ ಗುಳಿಗೆ. “ನೀವು ಏನು ಕೆಲಸ ಮಾಡ್ತೀರಮ್ಮಾ?” ಎಂದು ಯಾರಾದರೂ ಕೇಳಿದ್ದುಂಟೇ? ಗಂಡಸರನ್ನಾದರೆ ಒಮ್ಮೊಮ್ಮೆ ಕೇಳುತ್ತಾರೆ. ಹೆಂಗಸರ ಚೀಟಿಯಲ್ಲಿ ‘ಉದ್ಯೋಗ’ ಎಂಬ ಕಡೆ ‘ಗೃಹಿಣಿ’ ಎಂದು ತಾವೇ ಬರೆದುಕೊಂಡುಬಿಡುತ್ತಾರೆ.

ನಾನು ದಾವಣಗೆರೆಯಲ್ಲಿ ಡಾಕ್ಟರಿಕೆ ಓದುತ್ತಿರುವ ಹುಡುಗಿ. ಊರು ಹರಿಹರ. ಸುತ್ತಲಿನ ಗಾಳಿ-ನೀರಿನಿಂದ ಮತ್ತು ಮಾಡುವ ಕೆಲಸದಿಂದ ಬರುವ ಕಾಯಿಲೆಗಳ ಒಂದು ಭಾಗ ನಮ್ಮ ಪಾಠದಲ್ಲಿದೆ. ಹೃದಯ, ಮೆದುಳು ಅಂದರೆ ಹುಡುಗರಿಗೆ ಇರುವ ಉತ್ಸಾಹ ಇದರಲ್ಲಿ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮುಗಿಸುವವರೇ ಹೆಚ್ಚು. ನನಗೆ ಮಾತ್ರ ಆ ಪುಟಗಳನ್ನು ಮಗುಚುತ್ತಿದ್ದಂತೆ ನಮ್ಮ ಮನೆಯ ಮಂದಿಯೇ ಒಬ್ಬೊಬ್ಬರಾಗಿ ಎದುರಿಗೆ ಬಂದು ನಿಂತ ಹಾಗಾಯಿತು. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಕೂತಿದ್ದೇನೆ.

ರೋಗಿಯ ಕೆಲಸ ಯಾವುದೆಂದು ವೈದ್ಯರು ಕೇಳಲೇಬೇಕು ಎಂದು ಹಟ ಹಿಡಿದ ಪುಣ್ಯಾತ್ಮ ಇಟಲಿಯವನು, ಬರ್ನಾರ್ಡಿನೊ ರಾಮಝಿನಿ. ಮೊಡೆನಾ ಎಂಬ ಊರಿನಲ್ಲಿ ಅವನ ಮನೆಯ ಪಾಯಿಖಾನೆ ಗುಂಡಿ ಬಳಿಯಲು ಬಂದ ಆಳೊಬ್ಬ ಉಸಿರು ಬಿಡದೆ ಕೆಲಸ ಮಾಡುತ್ತಿದ್ದನಂತೆ. ಯಾಕಪ್ಪಾ ಇಷ್ಟು ಅವಸರ ಅಂದರೆ, ಇಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣಿಗೆ ಅಪಾಯ ಎಂದನಂತೆ. ಅಲ್ಲಿಂದ ಹಿಡಿದ ಗೀಳು. 1700ರಲ್ಲಿ ಅವನು ಕೆಲಸಗಾರರ ಕಾಯಿಲೆಗಳ ಮೇಲೆಯೇ ಒಂದು ಪುಸ್ತಕ ಬರೆದ. ಅದರಲ್ಲಿ ಕುಂಬಾರರಿದ್ದಾರೆ, ಹಿಟ್ಟಿನ ಗಿರಣಿಯವರಿದ್ದಾರೆ. ನನಗೆ ಸಂತೋಷವಾದದ್ದೆಂದರೆ, ಬಟ್ಟೆ ಒಗೆಯುವ ಹೆಂಗಸರೂ ಸೂಲಗಿತ್ತಿಯರೂ ಇದ್ದಾರೆ. ಮುನ್ನೂರು ವರ್ಷದ ಹಿಂದೆಯೇ ಒಬ್ಬ ಗಂಡಸಿಗೆ ಹೊಳೆದ ಮಾತು, ನೋಡಿ.

ಈಗ ನಮ್ಮ ಅಜ್ಜನ ವಿಷಯ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು ಅಂತ ಶಾಲೆಯಲ್ಲಿ ನೀವೂ ಬಾಯಿಪಾಠ ಮಾಡಿರಬೇಕು. ಬಟ್ಟೆ ಗಿರಣಿಗಳ ಊರು. ಆ ಗಿರಣಿಗಳಲ್ಲೊಂದರಲ್ಲಿ ಅಜ್ಜ ಹತ್ತಿ ಬಿಡಿಸುವ, ಬಾಚುವ ಖಾತೆಯಲ್ಲಿದ್ದರು. ಹರಿಹರದಿಂದ ದಾವಣಗೆರೆ 14 ಕಿಲೋಮೀಟರು; ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವುದು. ಬಂದಾಗ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. “ಮುದುಕಪ್ಪ ಬಂದ ಅಂತ ನಗ್ತಿದ್ವಿ,” ಅನ್ನುತ್ತಾರೆ ಅಜ್ಜಿ. ನಾನು ಹುಟ್ಟುವ ಮೊದಲೇ ಅಜ್ಜ ತೀರಿಕೊಂಡರು. ಏನಾಗಿತ್ತಜ್ಜಿ ಅಂದರೆ, “ದಮ್ಮು. ಬೀಡಿ ಮುಟ್ಟಿದೋರಲ್ಲ ನಿಮ್ಮಜ್ಜ. ಆದ್ರೂ ಡಾಕ್ಟ್ರು ಬೀಡಿ ಬಿಡು ಬೀಡಿ ಬಿಡು ಅಂತಲೇ ಇದ್ರು. ವಾರದ ರಜ ಮುಗ್ಸಿ ಹೋದ ದಿನಾನೇ ಎದೆ ಬಿಗೀತೈತೆ ಅಂತಿದ್ರು ಕಣವ್ವ. ಆಮೇಲಾಮೇಲೆ ದಿನಾ ಬಿಗಿಯಾಕೆ ಹತ್ತಿತು.”

ಅಜ್ಜಿ ಅಂದ ಈ ಮಾತು ನಮ್ಮ ಪುಸ್ತಕದಲ್ಲಿ ಇದ್ದ ಹಾಗೇ ಇದೆ! ಹತ್ತಿಯ ಧೂಳಿನಿಂದ ಬರುವ ಈ ಕಾಯಿಲೆಗೆ ಬಿಸಿನೋಸಿಸ್ ಅನ್ನುತ್ತಾರೆ. ರಜೆಯ ಮರುದಿನ ಎದೆ ಬಿಗಿಯುವುದೇ ಅದರ ಗುರುತು. ಭಾನುವಾರ ರಜೆ ಇರುವ ದೇಶಗಳಲ್ಲಿ ಅದಕ್ಕೆ ಸೋಮವಾರದ ಬೇನೆ ಎಂದೇ ಹೆಸರು. ಹತ್ತಿಯ ಜೊತೆ ಪುಡಿಯಾಗಿ ಬರುವ ಒಣಗಿದ ಎಲೆ, ತೊಟ್ಟು, ಅದರ ಮೇಲಿನ ಸೂಕ್ಷ್ಮಜೀವಿಗಳ ವಿಷ ಶ್ವಾಸನಾಳವನ್ನು ಕೆರಳಿಸುತ್ತವೆ. ಮೊದಮೊದಲು ವಾರಕ್ಕೊಂದು ದಿನ, ವರ್ಷಗಳು ಕಳೆದಂತೆ ವಾರವೆಲ್ಲ. ಆರಂಭದಲ್ಲೇ ಧೂಳಿನ ಖಾತೆಯಿಂದ ಬೇರೆ ಖಾತೆಗೆ ಹಾಕಿದರೆ ಮನುಷ್ಯ ಉಳಿಯುತ್ತಾನೆ. ಆದರೆ ಅದಕ್ಕೆ ಯಾರಾದರೂ ಕೇಳಬೇಕಲ್ಲ, ಏನಪ್ಪಾ ನಿನ್ನ ಕೆಲಸ, ಯಾವ ದಿನ ಹೆಚ್ಚಾಗುತ್ತೆ ಅಂತ. ದಾವಣಗೆರೆಯ ಹಳೇ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದವು. ಆ ಪ್ರಶ್ನೆ ನಮ್ಮ ಅಜ್ಜನನ್ನು ಯಾರೂ ಕೇಳಲಿಲ್ಲ.

ಇನ್ನು, ಕಾರ್ಖಾನೆಯ ಕಾಯಿಲೆ ಕಾಂಪೌಂಡಿನೊಳಗೇ ನಿಲ್ಲುತ್ತದೆ ಅಂದುಕೊಳ್ಳಬೇಡಿ. ನಮ್ಮ ಹರಿಹರದ ಎದುರು ದಡದಲ್ಲಿ, ತುಂಗಭದ್ರೆಯ ಆಚೆ, ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಇದೆ. ಮರದ ತಿರುಳಿನಿಂದ ಕೃತಕ ನೂಲಿನ ಕಚ್ಚಾಮಾಲು ಮಾಡುವ ಕಾರ್ಖಾನೆ. 1980ರ ದಶಕದಲ್ಲಿ ಅದರಿಂದ ಹೊಳೆಗೆ ಬರುವ ನೀರಿನ ವಿರುದ್ಧ, ಮೀನು ಸಾಯುತ್ತಿವೆ ಎಂದು, ಕೆಳಗಿನ ಹಳ್ಳಿಗಳ ಜನ ಎದ್ದರು, ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜೊತೆಗೆ ನಿಂತಿತು, ವಿಷಯ ಕೋರ್ಟಿಗೂ ಹೋಯಿತು. ತಿರುಳು ಬೇಯಿಸಿದ ನೀರು ಕಂದು ಬಣ್ಣದ್ದು. ಶುದ್ಧಿ ಮಾಡದೆ ಬಿಟ್ಟರೆ ಹೊಳೆಯ ನೀರಿನಲ್ಲಿರುವ ಆಮ್ಲಜನಕವನ್ನೇ ತಿಂದುಹಾಕುತ್ತದೆ. ಮೀನಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. ಹೊಳೆ ಕೆಟ್ಟದ್ದು ಸರ್ಕಾರಿ ಕಾಗದಕ್ಕಿಂತ ಮೊದಲು ತಿಳಿಯುವುದು ಯಾರಿಗೆ ಹೇಳಿ? ಬಲೆ ಹಾಕುವವನಿಗೆ. ಕೊಡ ತುಂಬುವವಳಿಗೆ, ಬಟ್ಟೆ ಒಗೆಯುವವಳಿಗೆ.

ದಾವಣಗೆರೆ ಅಂದರೆ ನಿಮಗೆ ಬೆಣ್ಣೆದೋಸೆ ನೆನಪಾದೀತು. ಆದರೆ ಊರಿನವರ ಸಂಜೆ ತಿಂಡಿ ಮಿರ್ಚಿ-ಮಂಡಕ್ಕಿ. ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಯಾವುದಾದರೂ ಸರಿ. ಮನೆಗೆ ನೆಂಟರು ಬಂದರೆ ಹತ್ತು ನಿಮಿಷದಲ್ಲಿ ಮಾನ ಉಳಿಸುವ ತಿಂಡಿ, ಅಲ್ಲವೇ? ಆ ಮಂಡಕ್ಕಿ ಬರುವುದು ಊರಂಚಿನ ನೂರಾರು ಭಟ್ಟಿಗಳಿಂದ. ಭತ್ತ ನೆನೆಸಿ, ಹುರಿದು, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಚ್ಚಿ, ಕೊನೆಗೆ ಕಾದ ಮರಳಿನಲ್ಲಿ ಹಾಕಿದರೆ ಕ್ಷಣದಲ್ಲಿ ಅರಳುತ್ತದೆ. ಅಷ್ಟು ಶಾಖ ಎಲ್ಲಿಂದ? ಭತ್ತದ ಹೊಟ್ಟು ಸುಡುತ್ತಾರೆ. ಹಳೇ ಟೈರು ಸುಡುವ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಟೈರಿನ ಕರಿ ಹೊಗೆಯಲ್ಲಿ ಗಂಧಕದ ಅನಿಲ, ಇಂಗಾಲದ ವಿಷಾನಿಲ, ಕ್ಯಾನ್ಸರ್ ತರಬಲ್ಲ ಮಸಿ ಎಲ್ಲ ಇರುತ್ತವೆ. ಟೈರು ಅಗ್ಗ, ಬೇಗ ಉರಿಯುತ್ತದೆ. ಮಂಡಕ್ಕಿಗೆ ನಾವು ಕೊಡುವ ಬೆಲೆಯೂ ಅಗ್ಗವೇ.

ಪಾಠದ ಸಲುವಾಗಿ ಒಂದು ಭಟ್ಟಿಗೆ ಹೋಗಿದ್ದೆವು. ನಸುಕಿನಲ್ಲೇ ಕೆಲಸ ಶುರು. ಜರಡಿ ಹಿಡಿದು ಮರಳು ಬೇರೆ ಮಾಡುತ್ತಿದ್ದ ಹಿರಿಯ ಹೆಂಗಸನ್ನು ಗೆಳತಿ “ಖಾಲಾ” ಎಂದು ಮಾತಾಡಿಸಿದಳು. ಕಣ್ಣು ಕೆಂಪಗೆ, ಮಾತಿನ ನಡುವೆ ಕೆಮ್ಮು. ಆಸ್ಪತ್ರೆಗೆ ಹೋಗಿದ್ದಿರಾ ಅಂದೆ. ಸೆರಗಿನ ಗಂಟಿನಿಂದ ಚೀಟಿ ತೆಗೆದು ಕೊಟ್ಟರು. ಉದ್ಯೋಗ: ಗೃಹಿಣಿ. ಭಟ್ಟಿಯ ಕೆಲಸ ಹೇಳಲಿಲ್ಲವೇ ಖಾಲಾ ಅಂದರೆ, “ಅವ್ರು ಕೇಳ್ಳಿಲ್ಲ, ನಾನು ಹೇಳ್ಳಿಲ್ಲ ಬೇಟಿ. ಹೊಗೆ ಎಲ್ಲಿಲ್ಲ? ಮನ್ಯಾಗೂ ಐತೆ.” ಅಂದರು.

ಮನ್ಯಾಗೂ ಐತೆ. ಸೋದರಿಯರೇ, ಇದು ನನ್ನನ್ನು ಬಹಳ ದಿನ ಕಾಡಿದ ಮಾತು. ಭಟ್ಟಿಗೆ ಹೋಗದ, ಗಿರಣಿಗೆ ಹೋಗದ, ಬೀಡಿ ಕಟ್ಟದ ಹೆಂಗಸಿಗೂ ಒಂದು ಕೆಲಸದ ಜಾಗ ಇದೆ, ಅಲ್ಲಿ ಬೆಂಕಿ ಇದೆ, ಹೊಗೆ ಇದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಇದು ಯಾರಿಗೂ ಗೊತ್ತಿರಲಿಲ್ಲ ಎಂದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ವಿಭಾಗ ನಮ್ಮ ಹಳ್ಳಿಗಳಿಗೆಂದೇ ಒಲೆ ಮಾಡಿತು. ಮೂರು ಪಾತ್ರೆಗೆ ಒಂದೇ ಉರಿ, ಹೊಗೆ ಹೋಗಲು ಕೊಳವೆ. ಅಸ್ತ್ರ ಒಲೆ ಅಂದರೆ ನಿಮ್ಮ ಅತ್ತೆಯವರಿಗೆ ನೆನಪಿದ್ದೀತು. 2016ರಲ್ಲಿ ಉಜ್ವಲಾ ಯೋಜನೆಯಲ್ಲಿ ಗ್ಯಾಸ್ ಬಂತು. ಆದರೂ ಸಿಲಿಂಡರ್ ಉಳಿಯಲಿ ಅಂತ ಸ್ನಾನದ ನೀರಿಗೆ, ರೊಟ್ಟಿಗೆ ಸೌದೆ ಒಲೆಯನ್ನೇ ಇಟ್ಟುಕೊಂಡ ಮನೆಗಳು ಎಷ್ಟಿಲ್ಲ! ದುಡ್ಡಿನ ಲೆಕ್ಕ ಹಾಕಿದ ಗೃಹಿಣಿಯನ್ನು ನಾನು ದೂರುವುದಿಲ್ಲ. ಒಣಗಿದ ಸೌದೆ ಇರಲಿ, ಒಲೆ ಆದಷ್ಟು ಹೊರಗೆ ಅಥವಾ ಕಿಟಕಿಯ ಹತ್ತಿರ ಇರಲಿ, ಊದುವಾಗ ಕಂಕುಳಲ್ಲಿ ಕೂಸು ಬೇಡ, ಇಷ್ಟಾದರೂ ನಮ್ಮ ಕೈಲಿದೆ.

ಹೋದ ಚಳಿಗಾಲದಲ್ಲಿ ಅಜ್ಜಿಗೆ ಮೆಟ್ಟಿಲು ಹತ್ತಿದರೆ ಉಸಿರು ನಿಲ್ಲದ ಹಾಗಾಯಿತು. ವಯಸ್ಸು 78, ವಯಸ್ಸಿನದು ಎಂದರು ಮನೆಯಲ್ಲಿ. ನಾನೇ ಕರೆದುಕೊಂಡು ಹೋದೆ. ಕೊಳವೆಗೆ ಊದಿಸಿ ನೋಡಿದರು. ಶ್ವಾಸನಾಳಗಳು ಕಿರಿದಾಗಿವೆ, ಬೀಡಿ-ಸಿಗರೇಟು ಸೇದುವವರಲ್ಲಿ ಕಾಣುವ ಅದೇ ಕಾಯಿಲೆ. ಸೇದದ ಹೆಂಗಸರಿಗೆ ಇದು ಬಂದರೆ ಮೊದಲು ಒಲೆಯ ಕಡೆ ನೋಡಬೇಕು. ಚೀಟಿಯಲ್ಲಿ ‘ಉದ್ಯೋಗ: ಇಲ್ಲ’ ಎಂದಿತ್ತು. ನನಗೆ ತಡೆಯಲಿಲ್ಲ. ಅದರ ಕೆಳಗೆ ‘ಅಡುಗೆ, ಹತ್ತಿಕಡ್ಡಿ ಮತ್ತು ಸೌದೆ ಒಲೆ’ ಎಂದು ಬರೆದೆ. ಡಾಕ್ಟರು ಓದಿ, ತಲೆಯೆತ್ತಿ, ಎಷ್ಟು ವರ್ಷ ಅಂತ ಅಜ್ಜಿಯನ್ನೇ ಕೇಳಿದರು. ಅಜ್ಜಿ ತಮ್ಮ ಸಂಸಾರದ ಕಥೆಯನ್ನೇ ಬಿಚ್ಚಿದರು, ಅವರೂ ಕೂತು ಕೇಳಿದರು. ಈಗ ಎಳೆದುಕೊಳ್ಳುವ ಔಷಧಿ ಕೊಟ್ಟಿದ್ದಾರೆ, ಸ್ವಲ್ಪ ಹಗುರಾಗಿದೆ.

ನೀವೂ ಹೋದಾಗ ಅವರು ಕೇಳದಿದ್ದರೂ ಹೇಳಿಬಿಡಿ: ಯಾವ ಒಲೆ, ದಿನಕ್ಕೆ ಎಷ್ಟು ಹೊತ್ತು, ತವರಿಗೆ ಹೋದಾಗ ಕೆಮ್ಮು ಕಡಿಮೆ ಆಗುತ್ತದೆಯೇ, ಮನೆಯಲ್ಲಿ ಬೀಡಿ ಕಟ್ಟುತ್ತೀರಾ, ಪಕ್ಕದಲ್ಲಿ ಭಟ್ಟಿ ಇದೆಯೇ. ಸಂಶೋಧಕರು ಒಂದು ಸುಲಭದ ಲೆಕ್ಕ ಇಟ್ಟುಕೊಂಡಿದ್ದಾರೆ. ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ ಎಂಬುದನ್ನು ವರ್ಷಗಳಿಂದ ಗುಣಿಸುವುದು. ಅಂಕಿ ದೊಡ್ಡದಾದಷ್ಟೂ ಎದೆಯ ಮೇಲಿನ ಹೊರೆ ದೊಡ್ಡದು. ಅಜ್ಜಿಯದು ಹಾಕಿದೆ: ಮದುವೆಯಾಗಿ ಬಂದ ದಿನದಿಂದ ಗ್ಯಾಸ್ ಬರುವವರೆಗೆ 46 ವರ್ಷ, ದಿನಕ್ಕೆ 5 ಗಂಟೆ, ಒಟ್ಟು 230. ಕಾಗದ ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿ, “ಇಷ್ಟೇನಾ? ಹಬ್ಬದ ದಿನ ಸೇರ್ಸಿಲ್ಲ ನೀನು,” ಅಂದರು.