ಎಚ್ಚರ ತಪ್ಪಿಸುವವನ ಎಚ್ಚರ

ಉಸಿರು ಸೋಲುತ್ತಿರುವ ರೋಗಿಯ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸುವ ಕ್ರಮವನ್ನು ವಾಚಕರಲ್ಲಿ ಅನೇಕರು ತೀವ್ರನಿಗಾ ಘಟಕದ ಬಾಗಿಲ ಹೊರಗೆ ನಿಂತಾದರೂ ಅರಿತಿರಬಹುದು. ಕೊಳವೆ ಇಳಿಸುವ ಮುನ್ನ ವೈದ್ಯನು ಎರಡು ಔಷಧಿಗಳನ್ನು ಒಂದರ ಹಿಂದೊಂದು ಕೊಡುತ್ತಾನೆ. ಒಂದು ಪ್ರಜ್ಞೆ ತಪ್ಪಿಸತಕ್ಕದ್ದು, ಇನ್ನೊಂದು ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸತಕ್ಕದ್ದು. ಮೊದಲನೆಯದು ಯಾವುದಿರಬೇಕೆಂಬ ಚರ್ಚೆ ಬಹು ಹಳೆಯದು.

ಯೋಜಿತ ಶಸ್ತ್ರಚಿಕಿತ್ಸೆಗಳಲ್ಲಿ ಸಾಮಾನ್ಯವಾದ ಪ್ರೊಪೊಫಾಲ್ ರಕ್ತದೊತ್ತಡವನ್ನು ಇಳಿಸುತ್ತದೆ. ಸೋಂಕಿನಿಂದ ಒತ್ತಡ ಆಗಲೇ ಕುಸಿದವನಿಗೆ ಅದು ಅಪಾಯಕರ. ಎಟೊಮಿಡೇಟ್ ಹೃದಯವನ್ನು ಅಷ್ಟಾಗಿ ಕದಡದು. ಆದರೆ ಒಂದೇ ಚುಚ್ಚುಮದ್ದಿನಿಂದಲೂ ಅದು ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಉತ್ಪತ್ತಿಯನ್ನು ಗಂಟೆಗಟ್ಟಲೆ ತಡೆಯುತ್ತದೆ. ಆಪತ್ಕಾಲದಲ್ಲಿ ದೇಹವು ನಂಬಿಕೊಂಡಿರುವುದು ಆ ರಸವನ್ನೇ! ದಿನಗಟ್ಟಲೆ ಎಟೊಮಿಡೇಟ್ ಹರಿಸಿದ ಗಾಯಾಳುಗಳಲ್ಲಿ ಸಾವು ಹೆಚ್ಚಿತೆಂಬ ವರದಿ 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಆ ಪದ್ಧತಿ ನಿಂತಿತು. ಒಂದೇ ಬಾರಿ ಕೊಡುವುದರ ಬಗೆಗಿನ ಶಂಕೆ ಮಾತ್ರ ಉಳಿಯಿತು.

ಕೆಟಮಿನ್ ರಕ್ತದೊತ್ತಡವನ್ನು ಎತ್ತಿಹಿಡಿಯುತ್ತದೆಂಬುದು ವೈದ್ಯರ ಬಹುಕಾಲದ ನಂಬಿಕೆ. 2022ರಲ್ಲಿ ಪ್ರಕಟವಾದ, 801 ರೋಗಿಗಳನ್ನೊಳಗೊಂಡ ಅಮೆರಿಕದ ಪರೀಕ್ಷೆಯೊಂದರಲ್ಲಿ ಏಳನೆಯ ದಿನ ಬದುಕಿದ್ದವರು ಕೆಟಮಿನ್ ಪಕ್ಷದಲ್ಲಿ ಶೇ. 85.1, ಎಟೊಮಿಡೇಟ್ ಪಕ್ಷದಲ್ಲಿ ಶೇ. 77.3. ತಕ್ಕಡಿ ವಾಲಿತೆಂದು ಅನೇಕರು ಭಾವಿಸಿದರು. ಆದರೆ ಇಪ್ಪತ್ತೆಂಟನೆಯ ದಿನದ ಲೆಕ್ಕದಲ್ಲಿ ಗಣನೀಯ ಅಂತರ ಉಳಿದಿರಲಿಲ್ಲ. ಅರ್ಧ ತಿಂಗಳ ಖಾತೆ ನೋಡಿ ವರ್ಷದ ಲಾಭ ಸಾರುವ ಆತುರ ವ್ಯಾಪಾರಿಗಳಿಗಷ್ಟೇ ಮೀಸಲಲ್ಲ. 2025ರಲ್ಲಿ ಸುಮಾರು 2,365 ರೋಗಿಗಳ ದೊಡ್ಡ ಪರೀಕ್ಷೆಯ ಫಲ ಬಂದಿತು. ಇಪ್ಪತ್ತೆಂಟು ದಿನಗಳ ಸಾವು ಎರಡೂ ಪಕ್ಷಗಳಲ್ಲಿ ಹೆಚ್ಚುಕಡಿಮೆ ಸಮ. ಕೊಳವೆ ಇಳಿಸುವ ಸಮಯದಲ್ಲಿ ರಕ್ತಪರಿಚಲನೆ ಕುಸಿದದ್ದು ಕೆಟಮಿನ್ ಪಕ್ಷದಲ್ಲೇ ಹೆಚ್ಚು, ಶೇ. 22.1, ಎಟೊಮಿಡೇಟ್ ಪಕ್ಷದಲ್ಲಿ ಶೇ. 17. ದೇಹದ ಶಕ್ತಿಸಂಚಯ ಬರಿದಾದವನಲ್ಲಿ ಕೆಟಮಿನ್ ಹೃದಯವನ್ನು ಕುಗ್ಗಿಸಬಲ್ಲದೆಂಬುದು ಶಾಸ್ತ್ರಜ್ಞರಿಗೆ ತಿಳಿಯದ ಸಂಗತಿಯೇನಲ್ಲ. ನಂಬಿಕೆ ಅದನ್ನು ಮರೆಸಿತ್ತು.

ಇಂಥ ಹೊತ್ತಿನಲ್ಲಿ ರೋಗಿಯನ್ನು ಕೇಳುವಂತಿಲ್ಲ, ಮನೆಯವರಿಗೆ ವಿವರಿಸಲು ವ್ಯವಧಾನವಿಲ್ಲ. ವಾದಿಸಲಾರದವನ ಪರವಾಗಿ ಇನ್ನೊಬ್ಬನು ನಿರ್ಣಯಿಸಬೇಕಾಗಿದೆ. ಔಷಧಿಯ ಹೆಸರಿಗಿಂತಲೂ ಸೂಕ್ಷ್ಮವಾದ ಹೊಣೆಯೊಂದು ಇಲ್ಲಿದೆ. ಎಟೊಮಿಡೇಟಿನ ನಿದ್ರೆ ಕೆಲವೇ ನಿಮಿಷಗಳದು. ಸ್ನಾಯುಗಳನ್ನು ಸ್ತಬ್ಧಗೊಳಿಸುವ ರೊಕ್ಯುರೋನಿಯಂ ಅರ್ಧ ಗಂಟೆಗೂ ಮೀರಿ ಕೆಲಸ ಮಾಡುತ್ತದೆ. ನಡುವಿನ ಅವಧಿಯಲ್ಲಿ ಬೇರೆ ನಿದ್ರಾಕಾರಿ ಸೇರದಿದ್ದರೆ ರೋಗಿಯು ಎಚ್ಚತ್ತು ನೋವನ್ನು ಅನುಭವಿಸುತ್ತಿದ್ದರೂ ರೆಪ್ಪೆ ಅಲುಗಿಸಲಾರ. ನೋಡುವವರಿಗೆ ಅವನು ಶಾಂತನಾಗಿ ಮಲಗಿದಂತೆಯೇ ಕಾಣುವನು. ಆದುದರಿಂದ ಬಲ್ಲವರು ಕೊಳವೆ ಇಳಿಸುವ ಮೊದಲೇ ಮುಂದಿನ ನಿದ್ರಾಕಾರಿಯನ್ನು ತುಂಬಿಸಿ, ದಾದಿಯ ಕೈಯಲ್ಲಿ ಸಿದ್ಧವಾಗಿರಿಸುತ್ತಾರೆ.